ಡೋರೀನ್ ನೋಡಿಕೊಂಡ ಸಿಗ್ನಲ್ಲು

ಡೋರೀನ್ ಹ್ಯಾಲಿವೆಲ್‌ಳನ್ನು ಚಹಾದ ಮೇಜಿಗೆ ಕಳಿಸಬೇಕೆಂದು ಕ್ಲಬ್ಬಿನವರು ತೀರ್ಮಾನಿಸಿದ್ದು ಅವಳು ಬಾರದ ಒಂದು ಮಂಗಳವಾರ ಸಂಜೆ. ಅವಳ ಎದುರಿಗೆ ಈ ಮಾತು ಆಡುವ ಎದೆಗಾರಿಕೆ ಅಲ್ಲಿ ಒಬ್ಬ ಗಂಡಸಿಗೂ ಇರಲಿಲ್ಲ.

ಅದು ಯಾರ್ಕ್‌ಷೈರಿನ ಹೋಲ್ಮ್‌ಬೆಕ್ ಎಂಬ ಊರಿನ ರೈಲು ಕ್ಲಬ್ಬು. ಆಟಿಕೆ ರೈಲು ಎಂದರೆ ಅಲ್ಲಿಯವರಿಗೆ ಮೈಯೆಲ್ಲ ಉರಿಯುತ್ತದೆ, ಮಾದರಿ ರೈಲು ಎನ್ನಬೇಕು. ಚರ್ಚಿನ ಪಕ್ಕದ ಹಾಲ್‌ನಲ್ಲಿ ಉದ್ದಕ್ಕೂ ಹಾಸಿದ ಮೇಜುಗಳ ಮೇಲೆ ಸ್ಕಾರ್ ಮಿಲ್ ಎಂಬ ನಿಲ್ದಾಣ, ಉಣ್ಣೆ ಗಿರಣಿ, ಕಲ್ಲಿನ ಸೇತುವೆ, ಅಕ್ಕಿಕಾಳಿನಷ್ಟು ಕುರಿಗಳು. ಅಲ್ಲಿನ ಸಿಗ್ನಲ್ಲುಗಳು ಮೊದಲಿನಿಂದಲೂ ಡೋರೀನಳವು. ಅವಳು ಪುಟ್ಟ ಹಿಡಿಕೆ ಎಳೆದರೆ ಬೆಂಕಿಕಡ್ಡಿಗಿಂತ ಚಿಕ್ಕ ಕೈಯೊಂದು ಕಂಬದ ಮೇಲೆ ಏಳುತ್ತದೆ, ರೈಲು ಹೋಗಬಹುದು. ರೈಲು ದಾಟಿದ ಕೂಡಲೇ ಆ ಕೈಯನ್ನು ಅಡ್ಡ ಬೀಳಿಸಬೇಕು, ಹಿಂದೆ ಬರುವವನು ನಿಲ್ಲಬೇಕು. ಈಗ ಅವಳಿಗೆ ಕೈನಡುಕದ ಕಾಯಿಲೆ. ಹೋದ ವರ್ಷದ ಪ್ರದರ್ಶನದಲ್ಲಿ ಅವಳ ಬೆರಳು ತಗುಲಿ ಮೂರು ಬೋಗಿಗಳು ಜನರೆದುರೇ ಏರಿಯಿಂದ ಕೆಳಗುರುಳಿದ್ದವು.

ಕಾರ್ಯದರ್ಶಿ ಡೆರಿಕ್ ಅವಳಿಗೆ ಸುದ್ದಿ ಮುಟ್ಟಿಸಿದ್ದು ಬಸ್‌ಸ್ಟಾಪಿನಲ್ಲಿ, ಅವಳ ಮುಖ ನೋಡದೆ, ಒದ್ದೆ ರಸ್ತೆಯನ್ನು ನೋಡುತ್ತಾ.

"ನಿನ್ನ ಒಳ್ಳೇದಕ್ಕೇ ಹೇಳ್ತಿರೋದು ಕಣೇ ಡೋರೀನ್. ಆರಾಮಾಗಿ ಕೂತ್ಕೊಂಡು ಪ್ರದರ್ಶನಕ್ಕೆ ಬಂದೋರಿಗೆ ಚಹಾ ಕೊಡು."

"ಈ ನಡುಗೋ ಕೈಲಿ ಬಿಸಿ ಚಹಾ ಕೊಡ್ಲಾ? ಮೊದಲ್ನೇ ಕಪ್ಪು ನಿನ್ನ ತೊಡೆ ಮೇಲೇ ಬೀಳುತ್ತೆ, ನೋಡ್ತಿರು."

ಮನೆಗೆ ಹೋಗಿ ಅವಳು ಅತ್ತಳು. ಅತ್ತಿದ್ದು ದುಃಖಕ್ಕಲ್ಲ, ಸಿಟ್ಟಿಗೆ. ಆಮೇಲೆ ಮುಖ ತೊಳೆದುಕೊಂಡು ಸೆನ್ಸರ್‌ಗಳನ್ನು ತರಿಸಿದಳು. ಟಿ.ವಿ. ರಿಮೋಟಿನಲ್ಲಿ ಇರುವಂಥದ್ದೇ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು. ಹಳಿಯ ನಡುವೆ ಕೂತ ಸೆನ್ಸರ್ ಅದನ್ನು ಮೇಲಕ್ಕೆ ಬಿಡುತ್ತದೆ, ರೈಲಿನ ಹೊಟ್ಟೆಗೆ ಬಡಿದು ಬೆಳಕು ಹಿಂದಿರುಗಿದರೆ ರೈಲು ಬಂತೆಂದು ತಿಳಿದು ಸಿಗ್ನಲ್ಲನ್ನು ತಾನೇ ಬೀಳಿಸುತ್ತದೆ, ಆ ರೈಲು ದೂರ ಹೋಗುವಷ್ಟು ಹೊತ್ತಾದ ಮೇಲೆ ತಾನೇ ಎತ್ತುತ್ತದೆ. ಯಾರ ಕೈಯೂ ಬೇಡ. ಮಣಿಕಟ್ಟನ್ನು ಹಿಟ್ಟಿನ ಚೀಲದ ಮೇಲೆ ಒತ್ತಿಟ್ಟುಕೊಂಡು ಅವಳು ತಂತಿಗಳನ್ನು ಬೆಸುಗೆ ಹಾಕಿದಳು. ಬೆರಳು ಸುಟ್ಟುಕೊಂಡಳು, ಬಾಯಿಗೆ ಬಂದಂತೆ ಬೈದಳು, ಮತ್ತೆ ಹಾಕಿದಳು.

ಪರೀಕ್ಷೆಯ ಸಂಜೆ ಪ್ಯಾಸೆಂಜರ್ ರೈಲಿಗೆ ಸಿಗ್ನಲ್ಲು ಚೆನ್ನಾಗಿಯೇ ಬಿತ್ತು. ಕಲ್ಲಿದ್ದಲ ಗಾಡಿಗೆ ಮಾತ್ರ ಅಲುಗಲಿಲ್ಲ. ಆ ವ್ಯಾಗನ್‌ಗಳು ಡೆರಿಕ್‌ನವು. ಅಸಲಿ ಗಾಡಿಯಂತೆ ಕಾಣಲೆಂದು ಅವನು ಅವಕ್ಕೆ ಮಸಿ ಬಳಿದಿದ್ದ, ಯಾರೂ ಬಗ್ಗಿ ನೋಡದ ತಳಕ್ಕೂ ಬಳಿದಿದ್ದ. ಆ ಕಪ್ಪು ಬೆಳಕನ್ನೆಲ್ಲ ನುಂಗಿ ಹಾಕುತ್ತಿತ್ತು. ತಳಕ್ಕೆ ಒಂದೊಂದು ಬಿಳಿ ಚೀಟಿ ಅಂಟಿಸಿದರೆ ಸಾಕು ಎಂದಳು ಡೋರೀನ್. ಡೆರಿಕ್ ತನ್ನ ಹೆಣದ ಮೇಲೆ ಅಂಟಿಸು ಎಂಬಂತೆ ನೋಡಿದ. ಆವಿ ಎಂಜಿನ್ನಿನ ಕಾಲದ ಕಲ್ಲಿದ್ದಲ ಗಾಡಿಗೆ ಬಿಳಿ ಚೀಟಿ ಎಲ್ಲಿತ್ತು ಎಂದು ಕೇಳಿದ. ಮೇಜಿನ ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಆ ಜನಕ್ಕೆ ರೈಲು ಡಿಕ್ಕಿ ಹೊಡೆದರೂ ಪರವಾಗಿಲ್ಲ, ತಳ ಬೆಳ್ಳಗಾಗಬಾರದು.

ಸರಿ, ನಿನ್ನ ಗಾಡಿ ಮುಟ್ಟುವುದಿಲ್ಲ ಎಂದಳು ಅವಳು. ಸೆನ್ಸರ್‌ಗಳನ್ನು ಕಿತ್ತು, ಬೆಳಕನ್ನು ಹಳಿಗೆ ಅಡ್ಡಲಾಗಿ ಹಾಯಿಸಿದಳು. ಹಳಿಯ ಈಚೆ ಹಳಿ ಕಾಯುವ ಗ್ಯಾಂಗ್‌ಮನ್‌ನ ಪುಟ್ಟ ಗುಡಿಸಲಿನಿಂದ ಬೆಳಕು ಹೊರಟು ಆಚೆಯ ಬೇಲಿಯಲ್ಲಿ ಅಡಗಿದ ಸೆನ್ಸರಿನ ಕಣ್ಣಿಗೆ ತಲುಪುತ್ತದೆ. ನಡುವೆ ಏನು ಬಂದರೂ ಬೆಳಕು ಕಡಿಯುತ್ತದೆ, ಸಿಗ್ನಲ್ಲು ಬೀಳುತ್ತದೆ. ಕಪ್ಪಾದರೇನು, ಬಿಳುಪಾದರೇನು. ಮುಂದಿನ ಮಂಗಳವಾರ ಎಲ್ಲವೂ ಸರಿಯಾಗಿ ನಡೆಯಿತು. ಡೆರಿಕ್ ಒಲ್ಲದ ಮನಸ್ಸಿನಿಂದ ಒಪ್ಪಿದ, ಒಂದು ಷರತ್ತು ಹಾಕಿಯೇ ಒಪ್ಪಿದ. ಪ್ರದರ್ಶನಕ್ಕೆ ಬಾಗಿಲು ತೆರೆದ ಮೇಲೆ ರಿಪೇರಿ ಇಲ್ಲ, ಒಂದು ಸ್ಕ್ರೂ, ಒಂದು ರಟ್ಟು ಹೊಸದಾಗಿ ತರುವಂತಿಲ್ಲ. ಸಿಗ್ನಲ್ಲು ಕೈಕೊಟ್ಟರೆ ಅವಳು ಚಹಾದ ಮೇಜಿಗೆ.

ಪ್ರದರ್ಶನದ ಶನಿವಾರ ಬೆಳಗ್ಗೆಯೆಲ್ಲ ಮೋಡ. ಸ್ಕಾರ್ ಮಿಲ್‌ನಲ್ಲಿ ಸಿಗ್ನಲ್ಲುಗಳು ಎದ್ದವು, ಬಿದ್ದವು. ಊಟದ ನಂತರ ಬಿಸಿಲು ಬಂತು. ಹಾಲ್‌ನ ಪಡುವಣ ಕಿಟಕಿ ಎತ್ತರದ್ದು, ಪರದೆ ಇಲ್ಲದ್ದು. ಸಂಜೆ ದೀಪದ ಬೆಳಕಿನಲ್ಲೇ ಸೇರುವ ಆ ಕ್ಲಬ್ಬಿನವರಲ್ಲಿ ಒಬ್ಬರಿಗೂ ಅಲ್ಲಿಂದ ಬಿಸಿಲು ಬೀಳುತ್ತದೆಂಬುದೇ ಹೊಳೆದಿರಲಿಲ್ಲ, ಡೋರೀನಳಿಗೂ. ಸೂರ್ಯನ ಬೆಳಕಿನಲ್ಲೂ ಇನ್‌ಫ್ರಾರೆಡ್ ಧಾರಾಳ. ಬೇಲಿಯ ಕಣ್ಣಿಗೆ ಬಿಸಿಲು ತುಂಬಿತು, ರೈಲು ಅಡ್ಡ ಬಂದರೂ ಅದಕ್ಕೆ ತಿಳಿಯಲಿಲ್ಲ. ಕ್ಲಬ್ಬಿನ ಟ್ರೆವರ್ ಓಡಿಸುತ್ತಿದ್ದ ಕಲ್ಲಿದ್ದಲ ಗಾಡಿ ದಾಟಿತು, ಸಿಗ್ನಲ್ಲಿನ ಕೈ ಮೇಲೇ ಉಳಿಯಿತು. ಹಿಂದೆ ಡೆರಿಕ್‌ನ ಪ್ಯಾಸೆಂಜರ್ ಬಂದು ಇನ್ನೇನು ಗುದ್ದಬೇಕು, ಅವನು ಗಕ್ಕನೆ ನಿಲ್ಲಿಸಿದ.

ಅವನು ಚಹಾದ ಮೇಜಿನ ಕಡೆ ಗದ್ದ ಎತ್ತಿ ತೋರಿಸಿದ.

ಡೋರೀನ್ ಕಿಟಕಿಯನ್ನು ನೋಡಿದಳು, ಬೇಲಿಯನ್ನು ನೋಡಿದಳು. ಎದ್ದು ಹೋಗಿ ಎರಡರ ನಡುವೆ ನಿಂತಳು. ಸ್ವೆಟರಿನ ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು ಅಗಲ ಮಾಡಿದಳು. ಅವಳ ನೆರಳು ಬೇಲಿಯ ಮೇಲೆ ಬಿತ್ತು. ಮುಂದಿನ ರೈಲಿಗೆ ಸಿಗ್ನಲ್ಲು ಟಕ್ಕನೆ ಬಿತ್ತು.

"ಹೊಸದೇನೂ ತರೋ ಹಾಗಿಲ್ಲ ಅಂತ ಮಾತಾಗಿತ್ತು," ಎಂದ ಡೆರಿಕ್, ಹಲ್ಲು ಕಚ್ಚಿ.

"ನಾನ್ ಹೊಸಬಳೇನೋ? ನೀನು ಈ ಕ್ಲಬ್ಬಿಗೆ ಬರೋಕೆ ಮುಂಚಿಂದ ಇದೀನಿ."

ಟ್ರೆವರ್ ಕೆಮ್ಮುವ ನೆಪದಲ್ಲಿ ನಕ್ಕ. ಬಿಸಿಲು ಸರಿದಂತೆ ಅವಳೂ ಸರಿದಳು. ಕಾಲು ಸೋತವು, ಕೈ ನಡುಗಿತು, ನೆರಳೂ ನಡುಗಿತು. ನಡುಗುವ ನೆರಳೂ ನೆರಳೇ, ಸೆನ್ಸರಿಗೆ ಅಷ್ಟು ಸಾಕು. ಮೇಜಿನ ಮುಂದೆ ಕಟ್ಟಿದ ಹಗ್ಗದಾಚೆ, ಪ್ರದರ್ಶನಕ್ಕೆ ಬಂದ ಮಂದಿ ರೈಲು ಬಿಟ್ಟು ಅವಳನ್ನೇ ನೋಡತೊಡಗಿದರು. ನೋಡಲಿ ಎಂದುಕೊಂಡಳು.

ವಯಸ್ಸಾದ ಹೆಂಗಸೊಬ್ಬಳು ತಡೆಯಲಾರದೆ ಕೇಳಿದಳು. "ಯಾಕಮ್ಮ ಹಂಗೆ ನಿಂತಿದೀರಿ? ಯಾರೂ ಒಂದು ಕುರ್ಚಿ ಕೊಡ್ಲಿಲ್ವಾ?"

ಅವಳಿಗೆ ಸ್ವಲ್ಪ ಹುಷಾರಿಲ್ಲ ಎಂದು ಡೆರಿಕ್ ಮೆಲ್ಲಗೆ ಶುರುಮಾಡಿದ.

"ಹುಷಾರಿಲ್ಲ, ನಿಜ," ಎಂದಳು ಡೋರೀನ್, ಹಾಲ್‌ಗೆಲ್ಲ ಕೇಳುವಂತೆ. "ಆದ್ರೆ ಈ ಸ್ಟೇಷನ್ನಿನ ಸಿಗ್ನಲ್ ನೋಡ್ಕೊಳ್ಳೋಳು ನಾನು. ನಾನ್ ಕೂತ್ರೆ ಇವನ ರೈಲು ಗುದ್ದುತ್ತೆ."

ಕಲ್ಲಿದ್ದಲ ಗಾಡಿ ಮತ್ತೆ ಬಂತು, ದಾಟಿತು. ಸಿಗ್ನಲ್ಲು ಅಡ್ಡ ಬಿತ್ತು. ಹಿಂದೆಯೇ ಬರುತ್ತಿದ್ದ ಪ್ಯಾಸೆಂಜರನ್ನು ಡೆರಿಕ್ ಕಂಬದ ಬುಡದಲ್ಲಿ ನಿಲ್ಲಿಸಿದ. ಅಷ್ಟು ಜನ ನೋಡುತ್ತಿದ್ದರು, ನಿಲ್ಲಿಸದೆ ಗತಿಯಿರಲಿಲ್ಲ. ಅವಳ ಸಿಗ್ನಲ್ಲು ಮತ್ತೆ ಏಳುವವರೆಗೂ ಅವನು ಕಾಯುತ್ತಾ ನಿಂತ.