ಆರನೆಯ ಪ್ರಶ್ನೆ

ಆರನೆಯ ಪ್ರಶ್ನೆಯ ಮುಂದೆ ಪೆನ್ನು ನಿಂತುಬಿಟ್ಟಿತು.

ಮೊದಲ ಐದನ್ನು ಅವನು ಕಣ್ಣು ಮುಚ್ಚಿಕೊಂಡು ಬರೆದಿದ್ದ. ಹೆಸರು, ವಯಸ್ಸು. ವೃತ್ತಿ: ತರ್ಕಶಾಸ್ತ್ರದ ಉಪನ್ಯಾಸಕ, ನಿವೃತ್ತ. ಇರುವ ಕಾಯಿಲೆಗಳು: ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡದ ತೊಂದರೆ, ಮಂಡಿ ಸವೆತ. ಮಾತ್ರೆಗಳು: ಹನ್ನೊಂದು. ಹನ್ನೊಂದರ ಹೆಸರೂ ಹೊತ್ತೂ ಬಾಯಿಪಾಠ. ಕೊಟ್ಟ ಜಾಗ ಸಾಲದೆ ಹಾಳೆಯ ಅಂಚಿನಲ್ಲೂ ಬರೆದಿದ್ದ. ಬರೆಯುವಾಗ ಸಣ್ಣದೊಂದು ಹೆಮ್ಮೆ ಆಗಿತ್ತು. ಅದನ್ನು ಗಮನಿಸಿದ್ದ. ಗಮನಿಸದವನಂತೆ ಮುಂದಕ್ಕೆ ಹೋಗಿದ್ದ.

ಆರನೆಯದು ಹೀಗಿತ್ತು: ‘ನಿಮ್ಮ ಆರೋಗ್ಯ ಸುಧಾರಿಸಿದರೆ ನೀವು ಮಾಡಬೇಕೆಂದುಕೊಂಡಿರುವ ಒಂದು ಕೆಲಸ ಯಾವುದು?’

ಕೆಳಗೆ ಮೂರು ಖಾಲಿ ಗೆರೆಗಳು.

ಆಸ್ಪತ್ರೆಯ ಮೂರನೆಯ ಮಹಡಿಯ ಆ ಕೋಣೆಯ ಬಾಗಿಲಿಗೆ ‘ಬಹುಕಾಯಿಲೆ ರೋಗಿಗಳ ಸಹಾಯ ಕೇಂದ್ರ’ ಎಂಬ ಹಲಗೆ ತೂಗುಹಾಕಿದ್ದರು. ಒಳಗೆ ಹನ್ನೆರಡು ಕುರ್ಚಿ, ಹನ್ನೆರಡು ಜನ. ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಮೂತ್ರಪಿಂಡ, ಇಪ್ಪತ್ತೆಂಟು ಗೂಡುಗಳ ಮಾತ್ರೆ ಡಬ್ಬಿಗಳು, ಕಾಯಿಲೆಗೊಂದು ಬಣ್ಣದ ಕಿರುಹೊತ್ತಿಗೆಗಳು. ಅವನಿಗೆ ನಾಲ್ಕು ಬಣ್ಣ ಸಿಕ್ಕಿತ್ತು. ಪಕ್ಕದವನಿಗೆ ಮೂರು.

ಅವನಾಗಿ ಬಂದವನಲ್ಲ. “ಹೋಗಿ ಬನ್ನಿ, ಮನೇಲಿ ಕೂತು ಏನು ಮಾಡ್ತೀರಿ?” ಎಂದು ಹೆಂಡತಿ ಕಳಿಸಿದ್ದಳು. ಹೋಗದಿರುವುದಕ್ಕೆ ಅವನಲ್ಲಿ ಇದ್ದ ಕಾರಣ ಒಂದೇ, ಮೈ ಸರಿಯಿಲ್ಲ ಎನ್ನುವುದು. ಇಲ್ಲಿಗೆ ಬರಲು ಅದೇ ಅರ್ಹತೆಯಾಗಿತ್ತು.

ಅವನ ಮೈ ನಾಲ್ಕು ಜನ ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆಯಂತಾಗಿ ಎಷ್ಟೋ ವರ್ಷವಾಗಿತ್ತು. ಸಕ್ಕರೆಯ ಡಾಕ್ಟರು ನಡೆಯಿರಿ ಎನ್ನುತ್ತಿದ್ದರು, ಮಂಡಿಯ ಡಾಕ್ಟರು ನಡೆಯಬೇಡಿ ಎನ್ನುತ್ತಿದ್ದರು. ಒಬ್ಬರು ಬರೆದುಕೊಟ್ಟ ಪಥ್ಯವನ್ನು ಇನ್ನೊಬ್ಬರು ಹೊಡೆದುಹಾಕುತ್ತಿದ್ದರು. ಕುಡಿಯುವ ನೀರಿಗೂ ಅಳತೆ. ಯಾರ ಪಾಲಿಗೂ ಬಾರದ ನಡುಮನೆಯಲ್ಲಿ ಅವನು ಓಡಾಡಿಕೊಂಡಿದ್ದ. ಅದು ಅಭ್ಯಾಸವಾಗಿತ್ತು. ನಿಜ ಹೇಳಬೇಕೆಂದರೆ ಅನುಕೂಲವೂ ಆಗಿತ್ತು. ಅಕ್ಕ ಹತ್ತು ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದಳು, ಮೈ ಸರಿಯಿಲ್ಲ. ತರ್ಕದ ಬಗ್ಗೆ ಬರೆಯಬೇಕೆಂದಿದ್ದ ಪುಸ್ತಕ ಮುನ್ನುಡಿಯಲ್ಲೇ ನಿಂತಿತ್ತು, ಮೈ ಸರಿಯಿಲ್ಲ. ಹೆಂಡತಿ ಏನಾದರೂ ಕೇಳುವ ಮೊದಲೇ ಮೈ ಸರಿಯಿರುತ್ತಿರಲಿಲ್ಲ.

ಈಗ ಈ ಹಾಳೆ, ಮೈ ಸರಿಯಾಯಿತು ಎಂದಿಟ್ಟುಕೊಳ್ಳಿ ಎನ್ನುತ್ತಿದೆ. ಇಟ್ಟುಕೊಂಡ. ಅಕ್ಕನ ಮನೆಗೆ ಹೋಗಬೇಕೆ? ಬೇಡ. ಪುಸ್ತಕ? ಬೇಡ. ಒಂದೊಂದನ್ನೇ ಮುಂದೆ ನಿಲ್ಲಿಸಿ ನೋಡಿದ. ಯಾವುದೂ ಬೇಡ. ನೆಪದ ಹಿಂದೆ ಇಷ್ಟು ದಿನ ಬಚ್ಚಿಟ್ಟಿದ್ದೇನೆ ಎಂದುಕೊಂಡಿದ್ದ ಜಾಗದಲ್ಲಿ ಏನೂ ಇರಲಿಲ್ಲ.

“ಸಾರ್.”

ಪಕ್ಕದ ಕುರ್ಚಿಯ ಮುದುಕ. ತೆಳ್ಳಗಿನ ಮನುಷ್ಯ, ಇಸ್ತ್ರಿ ಮಾಡಿದ ಹಳೆಯ ಶರ್ಟು.

“ನಂದೂ ಸ್ವಲ್ಪ ತುಂಬಿಕೊಡ್ತೀರಾ? ಓದು ಬರುತ್ತೆ. ಅಕ್ಷರ ಕಾಣಲ್ಲ. ಮಸಿ ಚೆಲ್ಲಿದ ಹಾಗಿರುತ್ತೆ.”

ಅವನಿಗೆ ಬಿಡುಗಡೆಯಾದಂತಾಯಿತು. ತನ್ನ ಹಾಳೆ ಬದಿಗಿಟ್ಟು ಮುದುಕನದನ್ನು ಎಳೆದುಕೊಂಡ.

“ಕೆಲಸ?”

“ಟೈಲರ್ ಆಗಿದ್ದೆ. ಮೂವತ್ತೆಂಟು ವರ್ಷ. ಈಗ ಇಲ್ಲ, ಇಲ್ಲ ಅಂತಲೇ ಬರೀರಿ.”

‘ಇಲ್ಲ’ ಎಂದು ಬರೆದ. ಸಕ್ಕರೆ ಇಪ್ಪತ್ತು ವರ್ಷದಿಂದ, ರಕ್ತದೊತ್ತಡ, ಹೋದ ವರ್ಷದಿಂದ ಮೂತ್ರಪಿಂಡ. ಮಾತ್ರೆಗಳ ಹೆಸರು ದರ್ಜಿಗೆ ಗೊತ್ತಿರಲಿಲ್ಲ. “ಬಿಳೀದು ಎರಡು, ಗುಲಾಬಿ ಒಂದು, ಒಂದು ದೊಡ್ಡದು, ನುಂಗೋಕೆ ಕಷ್ಟ” ಎಂದ. ಹಾಗೆಯೇ ಬರೆದು, ಆರನೆಯ ಪ್ರಶ್ನೆಯನ್ನು ಓದಿ ಹೇಳಿದ. ಈ ಮುದುಕನೂ ಸ್ವಲ್ಪ ಒದ್ದಾಡಲಿ ಎಂದು ಒಳಗೊಳಗೇ ಕಾದ.

ದರ್ಜಿ ಒದ್ದಾಡಲಿಲ್ಲ.

“ಸೂಜಿಗೆ ನಾನೇ ದಾರ ಪೋಣಿಸಬೇಕು ಸಾರ್. ಯಾರನ್ನೂ ಕರೀದೆ.”

“ಅಷ್ಟೇನಾ?”

“ಅಷ್ಟೇ. ಮೊಮ್ಮಗಳನ್ನ ಕರೀಬೇಕಾಗುತ್ತೆ. ಅವಳೇನು ಮಾಡ್ತಾಳೆ ಗೊತ್ತಾ? ಒಂದೇ ಸಲ ಹತ್ತು ಸೂಜಿಗೆ ಪೋಣಿಸಿಟ್ಟು, ‘ತಾತ, ಇನ್ನು ನಾಳೆವರೆಗೂ ಕರೀಬೇಡ’ ಅಂತಾಳೆ.” ದರ್ಜಿ ನಕ್ಕ. “ಕೆಲಸ ಬಿಟ್ರೂ ಕೈ ಅಂದಾಜಲ್ಲೇ ಏನಾದ್ರೂ ಹೊಲೀತಿರುತ್ತೆ, ಹತ್ತೂ ಮಧ್ಯಾಹ್ನದೊಳಗೆ ಮುಗಿದುಹೋಗುತ್ತೆ. ಕೇಳೋಕೆ ನಾಚಿಕೆ.”

ಅವನು ಬರೆದ: ‘ಸೂಜಿಗೆ ನಾನೇ ದಾರ ಪೋಣಿಸಬೇಕು, ಯಾರನ್ನೂ ಕರೆಯದೆ.’ ವಾಕ್ಯ ಚೆನ್ನಾಗಿತ್ತು. ಒಂದು ಶಬ್ದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

“ಆಯ್ತಾ ಎಲ್ಲರದ್ದೂ?” ಎಂದು ಸಲಹೆಗಾರ್ತಿ ಕುರ್ಚಿಗಳ ಸಾಲಿನಲ್ಲಿ ಬರತೊಡಗಿದಳು. ವಯಸ್ಸಿನಲ್ಲಿ ಅವನ ವಿದ್ಯಾರ್ಥಿನಿಯಾಗಬಹುದಾದ ಹೆಂಗಸು, ದನಿ ಮಾತ್ರ ಶಿಶುವಿಹಾರದ ಟೀಚರಿನದು. “ಖಾಲಿ ಬಿಡಬೇಡಿ. ಖಾಲಿ ಬಿಟ್ಟವರ ಜೊತೆ ಕೊನೇಲಿ ಕೂತು ಮಾತಾಡ್ತೀನಿ.”

ಅವಳಿಗೂ ಅವನಿಗೂ ನಡುವೆ ಮೂರು ಕುರ್ಚಿ ಇತ್ತು. ಆಮೇಲೆ ಎರಡು. ಕೈ ತಾನಾಗಿ ಬರೆಯಿತು ಎಂದು ಅವನು ಅನಂತರ ತನಗೆ ತಾನೇ ಹೇಳಿಕೊಂಡ. ಆದರೆ ಕೈ ತಾನಾಗಿ ಏನನ್ನೂ ಬರೆಯುವುದಿಲ್ಲವೆಂದು ಮೂವತ್ತು ವರ್ಷ ತರ್ಕ ಕಲಿಸಿದವನಿಗೆ ತಿಳಿಯದ್ದೇನಲ್ಲ. ‘ಸೂಜಿಗೆ ನಾನೇ ದಾರ ಪೋಣಿಸಬೇಕು’ ಎಂದು ಬರೆದ. ‘ಯಾರನ್ನೂ ಕರೆಯದೆ’ ಎಂಬುದನ್ನೂ ಬಿಡಲಿಲ್ಲ. ಎರಡೂ ಹಾಳೆ ಕೊಟ್ಟ.

ಅವಳು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾಳೆಂದು ಯಾರೂ ಹೇಳಿರಲಿಲ್ಲ.

ಒಬ್ಬ ಹೆಂಗಸು ಮಾಳಿಗೆ ಹತ್ತಿ ತಾನೇ ಬಟ್ಟೆ ಒಣಗಹಾಕಬೇಕು ಎಂದಿದ್ದಳು. ಚಪ್ಪಾಳೆ. ಇನ್ನೊಬ್ಬರಿಗೆ ಇಡೀ ರಾತ್ರಿ ಒಂದೇ ನಿದ್ದೆ ಬೇಕಿತ್ತು. ಅದಕ್ಕೂ ಚಪ್ಪಾಳೆ. ಅವನ ಹಾಳೆ ಬಂದಾಗ ಅವಳು ಓದಿ, ಮತ್ತೊಮ್ಮೆ ಓದಿದಳು.

“ನೋಡಿ, ಓದಿದವರು ಇವರು. ದೊಡ್ಡ ದೊಡ್ಡ ಮಾತು ಬರೀಬಹುದಿತ್ತು. ಏನು ಬರೆದಿದ್ದಾರೆ? ಸೂಜಿಗೆ ದಾರ! ಇಷ್ಟು ಚಿಕ್ಕದು, ಇಷ್ಟು ಸ್ಪಷ್ಟ. ಗುರಿ ಅಂದ್ರೆ ಹೀಗಿರಬೇಕು. ಯಾಕೆ ಮೇಷ್ಟ್ರೇ, ಕಣ್ಣು ಮಂಜಾ?”

“ಸ್ವಲ್ಪ,” ಎಂದ.

“ಸಕ್ಕರೆಯವರು ಕಣ್ಣನ್ನ ಉದಾಸೀನ ಮಾಡಬಾರದು. ನಮ್ಮ ಗುಂಪಿಗೆ ಅಂತ ಕಣ್ಣಿನ ವಿಭಾಗದಲ್ಲಿ ಇವತ್ತು ಒಂದು ಜಾಗ ಇದೆ, ಒಂದೇ. ಇಲ್ಲದಿದ್ರೆ ಮೂರು ತಿಂಗಳು ಕಾಯಬೇಕು.” ಅವಳು ಆಗಲೇ ಚೀಟಿ ಬರೆಯುತ್ತಿದ್ದಳು. ಅವನ ಹೆಸರನ್ನು ಸುಂದರವಾಗಿ, ತಪ್ಪಿಲ್ಲದೆ ಬರೆದಳು; ಕೆಳಗೆ ‘ಸೂಜಿಗೆ ದಾರ ಪೋಣಿಸಲು ಆಗದು’ ಎಂದು ಸೇರಿಸಿದಳು.

ಮುಂದಿನ ಹಾಳೆ ದರ್ಜಿಯದು. ಅವಳು ಓದಲು ಹೋಗಿ ನಿಂತಳು. ಎರಡು ಹಾಳೆಗಳನ್ನೂ ಪಕ್ಕಪಕ್ಕ ಹಿಡಿದಳು.

“ಯಜಮಾನ್ರೇ, ಮೇಷ್ಟ್ರ ಹತ್ತಿರ ಬರೆಸಿಕೊಂಡ್ರಾ?”

“ಹೌದಮ್ಮ.”

“ಬರೆಸಿಕೊಳ್ಳಿ, ತಪ್ಪಿಲ್ಲ. ಆದ್ರೆ ಉತ್ತರ ನಿಮ್ಮದೇ ಇರಬೇಕಲ್ವಾ? ಅವರದ್ದನ್ನೇ ಇಳಿಸಿಬಿಟ್ಟಿದ್ದೀರಿ. ಪರೀಕ್ಷೆಯಲ್ಲಾದ್ರೆ ಹೊರಗೆ ಕಳಿಸ್ತಿದ್ರು!”

ಇಡೀ ಕೋಣೆ ನಕ್ಕಿತು. ಪ್ರೀತಿಯ ನಗೆಯೇ. ಮಾಳಿಗೆಯ ಹೆಂಗಸು ಕಣ್ಣೊರೆಸಿಕೊಂಡು ನಕ್ಕಳು.

ದರ್ಜಿ ಅವನ ಕಡೆ ತಿರುಗಿದ. ಅವನು ಮೇಜಿನ ಮೇಲಿನ ಪ್ಲಾಸ್ಟಿಕ್ ಮೂತ್ರಪಿಂಡವನ್ನು ನೋಡುತ್ತಿದ್ದ. ಅದನ್ನು ಎರಡು ಹೋಳು ಮಾಡಿ ತೆರೆಯಬಹುದಾಗಿತ್ತು. ಒಳಗೆ ಕೆಂಪು ನೀಲಿ ಕೊಳವೆಗಳು. ಈಗ ಹೇಳಬೇಕು, ಎಂದುಕೊಂಡ. ಒಂದೇ ವಾಕ್ಯ. ‘ಅದು ಅವರ ಉತ್ತರ.’ ಆಮೇಲೆ ಅವಳು ಕೇಳುತ್ತಾಳೆ: ಹಾಗಾದ್ರೆ ನಿಮ್ಮದು? ಕದ್ದೆ ಎಂದು ಒಪ್ಪಿಕೊಳ್ಳುವುದು ಕಷ್ಟವೆನಿಸಲಿಲ್ಲ. ಹನ್ನೊಂದು ಜನರ ಮುಂದೆ, ನನಗೆ ಏನೂ ಬೇಕಾಗಿಲ್ಲ ಎಂದು ಹೇಳುವುದು ಆಗದ ಮಾತಾಗಿತ್ತು. ಅತ್ತ ದರಿ, ಇತ್ತ ಪುಲಿ.

“ಹೇಳಿ ಯಜಮಾನ್ರೇ, ನಿಮ್ಮದೇ ಆಸೆ ಏನು?”

“ಏನಿಲ್ಲ ಬಿಡಮ್ಮ,” ಎಂದ ದರ್ಜಿ. “ಹೀಗೇ ಇದ್ರೆ ಸಾಕು.”

ಅವಳು ದರ್ಜಿಯ ಹಾಳೆಯ ಮೇಲಿನ ವಾಕ್ಯವನ್ನು ಹೊಡೆದುಹಾಕಿ, ಇರುವುದರಲ್ಲೇ ತೃಪ್ತಿ ಎಂದು ಹೇಳುತ್ತ ಬರೆದುಕೊಂಡಳು. ಅದಕ್ಕೆ ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿತ್ತು. ಅವನೂ ತಟ್ಟಿದ.

ಕಣ್ಣಿನ ವಿಭಾಗ ಕೆಳಗಿನ ಮಹಡಿಯಲ್ಲಿತ್ತು. ಬೆಂಚಿನ ಮೇಲೆ ಕೂತು ಚೀಟಿಯನ್ನು ಮಡಿಸಿದ, ಬಿಚ್ಚಿದ. ಮೇಲೆ ಗೋಷ್ಠಿ ಇನ್ನೂ ಮುಗಿದಿರಲಿಕ್ಕಿಲ್ಲ. ಎದ್ದು ಹೋಗಿ ದರ್ಜಿಯ ಕೈಯಲ್ಲಿ ಚೀಟಿ ಇಡಬಹುದು. ಒಂದು ಮಹಡಿ, ಹದಿನೆಂಟು ಮೆಟ್ಟಿಲು. ಮಂಡಿ ನೋಯುತ್ತದೆ ಎಂದುಕೊಂಡ. ಮಂಡಿ ನಿಜವಾಗಿಯೂ ನೋಯುತ್ತಿತ್ತು.

ಫೋನು ಬಂತು. ಹೆಂಡತಿ.

“ಆಯ್ತಾ? ಏನು ಕೇಳಿದ್ರು?”

“ಏನೋ ಫಾರಂ ತುಂಬಿಸಿದ್ರು. ವಾಸಿಯಾದ್ರೆ ಏನು ಮಾಡ್ತೀರಿ ಅಂತ.”

“ಏನು ಬರೆದ್ರಿ?”

“ಸೂಜಿಗೆ ದಾರ ಪೋಣಿಸಬೇಕು ಅಂತ.”

“ಯಾರು, ನೀವಾ? ಗುಂಡಿ ಕಿತ್ತುಹೋದ್ರೆ ಶರ್ಟನ್ನೇ ಮೂಲೆಗೆ ಎಸೆಯೋರು!” ಅವಳು ನಕ್ಕಳು. ನಗು ನಡುವೆಯೇ ತುಂಡಾಯಿತು. “ನಾನೇನೋ ಬೇರೆ ಅಂದ್ಕೊಂಡಿದ್ದೆ.”

“ಏನು?”

“ಏನಿಲ್ಲ. ಹನ್ನೊಂದು ಗಂಟೆ ಮಾತ್ರೆ ತಗೊಂಡ್ರಾ?”

“ತಗೊಂಡೆ.”

ತೆಗೆದುಕೊಂಡಿರಲಿಲ್ಲ. ಫೋನಿಟ್ಟ ಮೇಲೆ ನುಂಗಿದ.

ಕಣ್ಣಿಗೆ ಹನಿ ಹಾಕಿದರು. ಅರ್ಧ ಗಂಟೆ ಮುಚ್ಚಿಕೊಂಡಿರಲು ಹೇಳಿ ಮತ್ತೆ ಹಾಕಿದರು. ಕಣ್ಣಿನ ಡಾಕ್ಟರು ಒಂದೊಂದೇ ಕಣ್ಣಿಗೆ ಬೆಳಕು ಬಿಟ್ಟು, ತುಂಬ ಹೊತ್ತು ಒಳಗೆ ಇಣುಕಿದರು. ಅಷ್ಟು ಒಳಗೆ ಇಣುಕುವವರಿಗೆ ಏನಾದರೂ ಕಂಡೀತೆಂದು ಅವನಿಗೆ ಭಯವಾಯಿತು.

“ಏನೂ ಆಗಿಲ್ಲವಲ್ಲ,” ಎಂದರು ಡಾಕ್ಟರು, ಸ್ವಲ್ಪ ಬೇಸರದಿಂದಲೇ. “ಇಷ್ಟು ವರ್ಷದ ಸಕ್ಕರೆಗೆ ಇಷ್ಟು ಚೆನ್ನಾಗಿರೋ ಕಣ್ಣು ಅಪರೂಪ. ಓದೋ ಕನ್ನಡಕ ಹಾಕಿಕೊಂಡು ಪೋಣಿಸಿ, ಆಗುತ್ತೆ. ಇದಕ್ಕೆ ಯಾಕೆ ಆ ಚೀಟಿ ಕೊಟ್ರು?”

“ಡಾಕ್ಟ್ರೇ, ಮೇಲೆ ನನ್ನ ಜೊತೆ ಒಬ್ಬರಿದ್ರು. ಅವರಿಗೆ ನಿಜವಾಗಲೂ ಕಾಣಲ್ಲ…”

“ಚೀಟಿ ಇದೆಯಾ ಅವರ ಹತ್ತಿರ?”

“ಇಲ್ಲ.”

“ತರಲಿ. ನೋಡೋಣ.” ಡಾಕ್ಟರು ಗಂಟೆ ಒತ್ತಿದರು. ಅವನು ಎದ್ದ.

ಹೊರಗೆ ಮಧ್ಯಾಹ್ನದ ಬಿಸಿಲು ಕಣ್ಣಿಗೆ ಸುಣ್ಣ ಎರಚಿದಂತೆ ಬಡಿಯಿತು. ಕಟ್ಟಡ, ರಸ್ತೆ, ಜನ ಎಲ್ಲ ಕರಗಿ ಒಂದೇ ಬಿಳುಪಾಗಿತ್ತು. ಕಂಬಿ ಹುಡುಕುತ್ತ ಕೈ ಚಾಚಿದ. ಇನ್ನೊಂದು ಕೈ ಬಂದು ಅದನ್ನು ಹಿಡಿಯಿತು.

“ಮೆಟ್ಟಿಲು ಇದೆ ಸಾರ್, ನಿಧಾನ.”

ದರ್ಜಿ.

“ನೀವು ಇನ್ನೂ ಹೋಗಿಲ್ವಾ?”

“ಹನಿ ಹಾಕ್ತಾರೆ ಅಂತ ಗೊತ್ತಿತ್ತು. ನನಗೂ ಹಿಂದೊಂದು ಸಲ ಹಾಕಿದ್ರು. ಒಬ್ಬರೇ ಹೋಗೋಕಾಗಲ್ಲ. ಅದಕ್ಕೇ ನಿಂತೆ.”

ಅವನಿಗೆ ಕೈ ಬಿಡಿಸಿಕೊಳ್ಳಬೇಕೆನಿಸಿತು. ಬಿಡಿಸಿಕೊಂಡರೆ ಬೀಳುತ್ತಿದ್ದ. ಇಬ್ಬರೂ ಹೆಜ್ಜೆ ಎಣಿಸಿಕೊಂಡು ರಸ್ತೆಬದಿಯ ಬಸ್ ನಿಲ್ದಾಣಕ್ಕೆ ಬಂದರು. ಅಲ್ಲಿ ಬೇರೆ ಯಾರೂ ಇದ್ದಂತಿರಲಿಲ್ಲ.

“ಎಷ್ಟನೇ ನಂಬರು ನಿಮ್ಮದು?”

“ಹದಿನೇಳು.”

“ನಂದೂ ಅದೇ ದಾರಿ. ಒಳ್ಳೇದಾಯ್ತು.” ದರ್ಜಿ ಕೇಳಿದ, “ನೀವು ಎಲ್ಲಿ ಕಲಿತಿದ್ದು ಸಾರ್?”

“ಏನನ್ನ?”

“ಹೊಲಿಗೆ.”

ಮುಖ ಕಾಣುತ್ತಿರಲಿಲ್ಲ. ದನಿಯಲ್ಲಿ ವ್ಯಂಗ್ಯವಿದೆಯೇ ಎಂದು ಕಿವಿಗೊಟ್ಟ. ಇರಲಿಲ್ಲ, ಅಥವಾ ಇತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

“ಚಿಕ್ಕಪ್ಪ ಹೊಲೀತಿದ್ರು,” ಎಂದ. ಚಿಕ್ಕಪ್ಪನೇ ಇರಲಿಲ್ಲ ಅವನಿಗೆ.

“ಹಾಗಾದ್ರೆ ಗೊತ್ತಿರುತ್ತೆ. ದಾರ ಪೋಣಿಸುವಾಗ ಉಸಿರು ಹಿಡೀಬೇಕು.”

“ಹೌದು, ಹಿಡೀಬೇಕು.”

“ಇಲ್ಲ ಸಾರ್,” ಎಂದ ದರ್ಜಿ ಮೃದುವಾಗಿ. “ಹಿಡೀಬಾರದು. ಹಿಡಿದ್ರೆ ಕೈ ನಡುಗುತ್ತೆ.”

ಅವನು ಬಸ್ಸು ಬರುವ ಕಡೆಗೆ ಮುಖ ತಿರುಗಿಸಿದ. ದರ್ಜಿ ಕೈ ಮಾತ್ರ ಬಿಡಲಿಲ್ಲ. ಕತ್ತರಿ ಹಿಡಿದು ಹಿಡಿದು ಹೆಬ್ಬೆರಳ ಬುಡದಲ್ಲಿ ಜಡ್ಡುಗಟ್ಟಿದ ಕೈ. ಮುದುಕನ ಕೈಯಾದರೂ ಬಿಗಿ ಸಡಿಲವಾಗಿರಲಿಲ್ಲ.

ಬಸ್ಸೊಂದು ಬಂತು. ಬಿಳುಪಿನೊಳಗಿಂದ ದೊಡ್ಡ ನೆರಳಾಗಿ ಬಂದು ಅವರ ಮುಂದೆಯೇ ನಿಂತಿತು. ಬಾಗಿಲು ತೆರೆದ ಸದ್ದು. ಬಿಸಿಗಾಳಿ ಮುಖಕ್ಕೆ ರಾಚಿತು.

“ಇದಲ್ಲ ಸಾರ್,” ಎಂದ ದರ್ಜಿ, ಓದಿದವನಂತೆ.

ಬಾಗಿಲು ಮುಚ್ಚಿತು. ಬಸ್ಸು ಹೋಯಿತು.

ಇವನಿಗೆ ಅಕ್ಷರ ಕಾಣದು, ಅಂಕಿ ಎಲ್ಲಿ ಕಂಡೀತು? ಹಾಗೆಂದು ಕೇಳಬೇಕು. ಕೇಳಿದರೆ, ನಿನಗೆ ಕಣ್ಣು ಕಾಣದೆಂದು ಗೊತ್ತಿದ್ದೂ ಚೀಟಿ ನಾನೇ ಇಟ್ಟುಕೊಂಡೆ ಎಂದು ತಾನೇ ಬಾಯಿಬಿಟ್ಟಂತೆ. ಎರಡನೆಯ ಬಸ್ಸು ಬಂತು. ಡ್ರೈವರನ್ನು ಕೂಗಿ ಕೇಳೋಣವೆಂದು ಬಾಯಿ ತೆರೆದ. ದರ್ಜಿಯ ಬೆರಳು ಒಂದಿಷ್ಟು ಬಿಗಿಯಾಯಿತು, ಅಥವಾ ಹಾಗೆನಿಸಿತು.

“ಇದೂ ಅಲ್ಲ.”

ಮೂರನೆಯದು ನಿಲ್ಲುವ ಹೊತ್ತಿಗೆ ಬಿಸಿಲು ಇನ್ನಷ್ಟು ಏರಿತ್ತು. ಅವನು ಕಣ್ಣು ಮುಚ್ಚಿಕೊಂಡ. ರೆಪ್ಪೆಯ ಒಳಗೂ ಅದೇ ಬಿಳುಪು. ಬಾಗಿಲು ತೆರೆಯಿತು. ಒಳಗಿನಿಂದ ಯಾರದೋ ನಗು, ಮಗುವೊಂದರ ರಾಗ, “ಹತ್ತುತ್ತೀರೋ ಇಲ್ವೋ?” ಎಂಬ ಗದರು. ಈ ಸಲ ದರ್ಜಿ ಇದೇ ಎನ್ನಲಿಲ್ಲ, ಇದಲ್ಲ ಎನ್ನಲೂ ಇಲ್ಲ. ಅವನೂ ಕೇಳಲಿಲ್ಲ. ಕೈಗೆ ಕೈ ಬೆಸೆದುಕೊಂಡು ಇಬ್ಬರೂ ತೆರೆದ ಬಾಗಿಲಿನತ್ತ ಮುಖ ಮಾಡಿ ನಿಂತಿದ್ದರು, ಒಬ್ಬರು ಇನ್ನೊಬ್ಬರ ಮಾತಿಗಾಗಿ ಕಾಯುತ್ತ; ಬಸ್ಸಿನ ಎಂಜಿನ್ ಅವರ ಮುಂದೆ ಗುರುಗುಡುತ್ತಲೇ ಇತ್ತು.