ದಾಯಾಂಗ್‌ಗೆ ನಾಯಿಯ ಊಟ

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಸಬ್ರಾನ್ ತನ್ನ ಹೆಂಡತಿ ಹಾಲಿಜಾಳಿಗೆ ಒಂದೇ ಒಂದು ಸಿಗಡಿಯ ಸಿಪ್ಪೆಯನ್ನೂ ಸುಲಿದುಕೊಟ್ಟವನಲ್ಲ. ಈಗ ನೋಡಿದರೆ ಯಜಮಾನ ಪಾಕ್ ಹೆರ್ಮಾನರ ಅಡುಗೆಮನೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಸಿಗಡಿಯ ತಲೆ ಮುರಿದು, ಸಿಪ್ಪೆ ಬಿಡಿಸಿ, ಬೆನ್ನಿನ ಕಪ್ಪು ನರ ಎಳೆದು, ಬಿಳಿ ಮಾಂಸವನ್ನು ಪಿಂಗಾಣಿ ಬಟ್ಟಲಿನಲ್ಲಿ ಜೋಡಿಸುತ್ತಿದ್ದ. ಮೊದಲ ಹೆರಿಗೆಯಾದವಳಿಗೆ ಪಥ್ಯದ ಊಟ ಬಡಿಸುವವನ ಹಾಗೆ.

"ತಲೆಗಳನ್ನ ಬಿಸಾಕ್ಬೇಡ. ಸಾರಿಗಾಗುತ್ತೆ," ಎಂದ, ಕತ್ತೆತ್ತದೆ.

"ಹೂಂ. ಮೈ ಅವಳಿಗೆ, ತಲೆ ನಂಗೆ," ಎಂದಳು ಒಲೆಯ ಮುಂದಿದ್ದ ಹಾಲಿಜಾ.

"ಸಿಪ್ಪೆ ಅವಳ ಗಂಟಲಿಗೆ ಸಿಕ್ಕೊಳ್ಳುತ್ತೆ ಕಣೆ."

"ನಂಗೆ ಗಂಟಲೇ ಇಲ್ಲ ನೋಡು, ಬಾಂಗ್." ಗಂಡನನ್ನು ಅವಳು ಕರೆಯುತ್ತಿದ್ದುದು ಹಾಗೆ.

ಅವನಿಗೆ ಅದು ಕೇಳಿಸಲೇ ಇಲ್ಲ. ಬಟ್ಟಲು ಹಿಡಿದು ಹಜಾರಕ್ಕೆ ನಡೆದಿದ್ದ. ಅಲ್ಲಿ ಗೋಡೆಯುದ್ದದ ಗಾಜಿನ ತೊಟ್ಟಿಯಲ್ಲಿ ದಾಯಾಂಗ್ ತೇಲುತ್ತಿದ್ದಳು. ಕೆಂಪು ಸಿಲುಕ್ ಮೀನು, ತೋಳಿನಷ್ಟು ಉದ್ದ. ಒಂದೊಂದು ಹುರುಪೆಯೂ ಬಿಸಿಲಿಗೆ ಹಿಡಿದ ತಾಮ್ರದ ಬಿಲ್ಲೆ. ಸಬ್ರಾನ್ ಅಂಗಿಯ ತೋಳು ಮಡಚಿ ಕೈಯನ್ನು ಮೊಣಕೈವರೆಗೆ ನೀರಿಗಿಳಿಸುತ್ತಿದ್ದ. ಅವಳು ಬಂದು ಅವನ ಬೆರಳ ತುದಿಯಿಂದ ಮಾಂಸ ಕಿತ್ತುಕೊಳ್ಳುತ್ತಿದ್ದಳು. ಆಗ ಅವನ ಮುಖದಲ್ಲಿ ಮೂಡುತ್ತಿದ್ದ ನಗು ಹಾಲಿಜಾಳಿಗೆ ಗೊತ್ತಿತ್ತು. ಅವಳನ್ನು ನೋಡಲು ಬಂದ ದಿನ ಅವಳ ಅಪ್ಪನ ಜಗಲಿಯಲ್ಲಿ ಕೂತು ನಕ್ಕಿದ್ದ ನಗುವೇ ಅದು. ಆಮೇಲೆ ಅದು ಎಲ್ಲಿ ಕಳೆದುಹೋಯಿತೋ ಎಂದುಕೊಂಡಿದ್ದಳು. ಇಲ್ಲಿದೆ, ಈ ನೀರಿನಲ್ಲಿ.

ಇಬ್ಬರೂ ಕಾಪುವಾಸ್ ನದಿಯ ಮೇಲ್ದಂಡೆಯ ಒಂದೇ ಕೆರೆಯೂರಿನವರು. ಪೊಂಟಿಯಾನಕ್‌ಗೆ ಬಂದು ಈ ಮನೆ ಸೇರಿ ಅವನು ಮೀನು ನೋಡಿಕೊಳ್ಳುವ ಆಳಾದ, ಅವಳು ಅಡುಗೆಯವಳಾದಳು. ಜೊತೆಗೆ ಮನೆಯ ನಾಯಿ ಬೋಬಿಗೆ ಊಟ ಹಾಕುವ ಕೆಲಸವೂ ಅವಳ ತಲೆಗೇ ಬಿತ್ತು. ಹಂದಿಯದೋ ಇನ್ನಾವುದರದೋ ಮಾಂಸ ಒಣಗಿಸಿ ಮಾಡಿದ ಉಂಡೆಗಳು ತುಂಬಿದ ಆ ಚೀಲಕ್ಕೆ, ನಮಾಜು ಮಾಡುವ ಅವಳು, ಹರಾಮೆಂದು ಕೈ ತಾಕಿಸಿದವಳಲ್ಲ. ಉದ್ದ ಹಿಡಿಯ ಕಬ್ಬಿಣದ ಸೌಟೊಂದನ್ನು ಅದಕ್ಕೆಂದೇ ಹಿತ್ತಿಲ ಮೊಳೆಗೆ ನೇತುಹಾಕಿದ್ದಳು. ತುಂಬಿ, ಸುರಿದು, ಮೂಗು ತಿರುಗಿಸಿ ಬರುವುದು, ಅಷ್ಟೇ.

ಆ ವಾರ ಪಾಕ್ ಹೆರ್ಮಾನ್ ಊಟದ ಮೇಜಿನಲ್ಲಿ ಹಲ್ಲು ಕಡ್ಡಿ ಆಡಿಸುತ್ತಾ ಅಪ್ಪಣೆ ಕೊಟ್ಟರು. "ಸಬ್ರಾನ್, ಈ ಸಲ ಚೆಂದದ ಮೀನುಗಳ ಸ್ಪರ್ಧೆಲಿ ದಾಯಾಂಗ್ ಗೆದ್ದೇ ಗೆಲ್ತಾಳೆ. ಗೆದ್ಮೇಲೆ ಜಕಾರ್ತಾದ ನಮ್ಮಣ್ಣನ ಮನೇಲಿ ಇರ್ತಾಳೆ. ನೀನೂ ಅವಳ ಜೊತೆ ಹೋಗಿ ಅಲ್ಲೇ ಇದ್ಬಿಡು."

"ನಾನೂ ಬರ್ಲಾ, ಪಾಕ್?" ಎಂದಳು ಹಾಲಿಜಾ, ಅನ್ನದ ಪಾತ್ರೆ ಹಿಡಿದು ನಿಂತಲ್ಲಿಂದಲೇ.

"ನೀನ್ಯಾಕೆ? ಅಲ್ಲಿ ಅಡುಗೆಯವಳಿದ್ದಾಳೆ."

ಅವಳು ಗಂಡನ ಕಡೆ ನೋಡಿದಳು. ಒಂದು ಮಾತು, ಬೇಡ ಒಂದು ಕೆಮ್ಮಾದರೂ ಬಂದೀತೆಂದು ಕಾದಳು. ಅವನು ಕೈಮುಗಿದು, "ಆಗ್ಲಿ ಪಾಕ್, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಎಂದ. ಅವನ ಕಣ್ಣು ಹಜಾರದ ಕಡೆಗಿತ್ತು.

ಶುಕ್ರವಾರ ಅವನು ಮಸೀದಿಗೆ ಹೋದ ಹೊತ್ತಿನಲ್ಲಿ ಹಾಲಿಜಾ ಹಿತ್ತಿಲಿನ ಸೌಟು ಇಳಿಸಿ, ಬೋಬಿಯ ಚೀಲದಿಂದ ತುಂಬಿಕೊಂಡು ಹಜಾರಕ್ಕೆ ಬಂದಳು. ಏನಾಗುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದುದು ಇಷ್ಟೇ: ಈ ಮಹಾರಾಣಿ ಒಂದು ಸಲವಾದರೂ ನಾಯಿಯ ಊಟಕ್ಕೆ ಬಾಯಿ ಹಾಕಬೇಕು.

"ತಿನ್ನು. ನೀನೇನು ಚಿನ್ನದ ಹೊಟ್ಟೆ ಹೊತ್ಕೊಂಡು ಹುಟ್ಟಿದ್ಯಾ?"

ಉಂಡೆಗಳು ನೀರಿನ ಮೇಲೆ ತೇಲಿದವು. ದಾಯಾಂಗ್ ಒಂದು ಸುತ್ತು ಬಂದಳು, ಮೀಸೆ ಆಡಿಸಿದಳು. ಗಬಕ್ಕನೆ ಒಂದು ನುಂಗಿದಳು. ಮತ್ತೊಂದು. ಆಮೇಲೆ ಗಾಜಿಗೆ ಮೂತಿ ಒತ್ತಿ ಹಾಲಿಜಾಳನ್ನೇ ನೋಡುತ್ತಾ ನಿಂತಳು.

"ಥೂ, ನಾಚಿಕೆಗೆಟ್ಟವಳೇ," ಎಂದಳು ಹಾಲಿಜಾ. ಆದರೆ ಅವಳ ಎದೆಯೊಳಗೆ ಏನೋ ತಂಪಾಗಿತ್ತು.

ಅಲ್ಲಿಂದ ಅದೊಂದು ಚಟವೇ ಆಯಿತು. ಅವನು ಸಿಗಡಿ ತರಲು ಸಂತೆಗೆ ಹೋದಾಗ, ನಮಾಜಿಗೆ ಹೋದಾಗ, ಒಂದು ಸೌಟು. ಹಜಾರದಲ್ಲಿ ಅವಳ ಹೆಜ್ಜೆ ಸದ್ದಾದರೆ ಸಾಕು, ಮೀನು ತಿರುಗಿ ನಿಲ್ಲುತ್ತಿತ್ತು. ಒಂದು ದಿನ ಸೌಟನ್ನು ನೀರಿನ ಮೇಲೆ ಎತ್ತಿ ಹಿಡಿದು ಸತಾಯಿಸಿದಳು. ದಾಯಾಂಗ್ ಇಡೀ ಮೈಯನ್ನು ಬಿಲ್ಲಿನಂತೆ ಬಗ್ಗಿಸಿ ನೀರಿನಿಂದ ಮೇಲಕ್ಕೆ ಹಾರಿ ಉಂಡೆ ಕಿತ್ತುಕೊಂಡಳು. ಹಾಲಿಜಾ ಮುಖಕ್ಕೆ ಸಿಡಿದ ನೀರು ಒರೆಸಿಕೊಳ್ಳುತ್ತಾ ಗಟ್ಟಿಯಾಗಿ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಸಬ್ರಾನ್‌ನ ಸಿಗಡಿಗಳು ಈಗ ತಳಕ್ಕೆ ಬೀಳತೊಡಗಿದವು.

"ಬಾಯಿಗೆ ತಗೊಂಡು ಉಗೀತಾಳೆ ಕಣೆ. ನನ್ನ ಕೈ ಕಂಡ್ರೆ ಮೂಲೆಗೆ ಹೋಗ್ತಾಳೆ."

"ಬೇರೆ ಯಾರ ಮೇಲಾದ್ರೂ ಮನಸ್ಸಾಗಿರ್ಬೇಕು."

"ತಮಾಷೆ ಮಾಡ್ಬೇಡ," ಎಂದು ಅವನು ಬಟ್ಟಲನ್ನು ಪಕ್ಕಕ್ಕೆ ತಳ್ಳಿದ. ಆ ದಿನ ಅವನಿಗೆ ಊಟ ಸೇರಲಿಲ್ಲ. ಅವನ ತಟ್ಟೆಯಲ್ಲಿ ಉಳಿದದ್ದನ್ನು ಹಾಲಿಜಾ ಸಾವಕಾಶವಾಗಿ, ಚಪ್ಪರಿಸಿ ತಿಂದಳು.

ಸ್ಪರ್ಧೆಗೆ ಮುಂಚೆ ಮೀನು ನೋಡಲು ದಲ್ಲಾಳಿ ಬುಜಾಂಗ್ ಬಂದ. ಇಂಥ ಮೀನುಗಳನ್ನು ಶ್ರೀಮಂತರ ಮನೆಗಳಿಗೆ ಒದಗಿಸುವುದೇ ಅವನ ಕಸುಬು. ಗಾಜಿಗೆ ಹಣೆ ಹಚ್ಚಿ ನೋಡಿದವನು ನಾಲಿಗೆ ಲೊಚಗುಟ್ಟಿದ.

"ಕಣ್ಣು ಇಳಿದಿದೆ ಪಾಕ್. ನೋಡಿ, ನೆಲ ನೋಡ್ತಿದ್ದಾಳೆ. ಜಿಡ್ಡಿನ ಊಟ ಹಾಕಿದ್ದಾರೆ. ಕೊಬ್ಬು ಕಣ್ಣಿನ ಹಿಂದೆ ಸೇರ್ಕೊಂಡು ಗುಡ್ಡೇನ ಕೆಳಕ್ಕೆ ನೂಕಿದೆ. ಇನ್ನು ಸ್ಪರ್ಧೆ ಮಾತು ಬಿಡಿ."

ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ಹಾಲಿಜಾಳಿಗೆ ಎಲ್ಲವೂ ಕೇಳಿಸಿತು. ಸ್ಪರ್ಧೆ ಇಲ್ಲ. ಜಕಾರ್ತಾ ಇಲ್ಲ. ತಾನು ಬರೀ ಹೊಟ್ಟೆಕಿಚ್ಚಿಗೆ ಮಾಡಿದ್ದು ಹರಕೆ ಹೊತ್ತರೂ ಆಗದ ಕೆಲಸ ಮಾಡಿಬಿಟ್ಟಿತ್ತು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಸಿಗಡಿ ಎಲ್ಲಿಗೆ ಹೋಯ್ತೋ?" ಪಾಕ್ ಹೆರ್ಮಾನರ ದನಿ ಮನೆ ತುಂಬಿತು. "ನಿನ್ನ ಹೊಟ್ಟೆಗಾ, ಹೆಂಡ್ತಿ ಹೊಟ್ಟೆಗಾ? ನೀವು ಅದನ್ನ ನುಂಗಿ, ಇದಕ್ಕೆ ಕಸ ಹಾಕಿದ್ರಿ. ಕೆರೆ ಕಡೆಯವರನ್ನ ಮನೆಯೊಳಗೆ ಬಿಟ್ಕೊಂಡ್ರೆ ಇಷ್ಟೇ. ಕಳ್ಳ ಜಾತಿ!"

ಸಬ್ರಾನ್ ಅವರ ಕಾಲಿನ ಹತ್ತಿರ ಕುಸಿದ. ಹಾಲಿಜಾ ಕಿವಿಗೊಟ್ಟಳು. ಈಗಲಾದರೂ, ನಾನು ಕಳ್ಳನಲ್ಲ ಅಂತಾನೆ. ನನ್ನ ಹೆಂಡ್ತಿ ಕಳ್ಳಿ ಅಲ್ಲ ಅಂತಾನೆ.

"ನನ್ನನ್ನ ಏನಾದ್ರೂ ಮಾಡಿ ಪಾಕ್," ಎಂದು ಅವನು ಬಿಕ್ಕಿದ. "ಅವಳನ್ನ ಮಾತ್ರ ಮಾರ್ಬೇಡಿ. ಅವಳಿಗೆ ಬೇರೆಯವರ ಕೈ ಹಿಡಿಸಲ್ಲ."

ಹಾಲಿಜಾಳ ನೆತ್ತಿಗೆ ಬೆಂಕಿ ಹತ್ತಿತು. ಹಿತ್ತಿಲಿನ ಮೊಳೆಯಿಂದ ಸೌಟು ಕಿತ್ತುಕೊಂಡು ನೆಟ್ಟಗೆ ಹಜಾರದ ನಡುವೆ ಬಂದು ನಿಂತಳು. ಸೌಟು ಕಂಡದ್ದೇ ಬೋಬಿ ಬಾಲ ಅಲ್ಲಾಡಿಸುತ್ತಾ ಹಿಂದೆಯೇ ಓಡಿಬಂತು. ತೊಟ್ಟಿಯೊಳಗೆ ದಾಯಾಂಗ್ ಕೂಡ ತಿರುಗಿ, ಮೂತಿ ಮೇಲೆತ್ತಿ ಕಾದಳು.

"ಬೇರೆ ಕೈ ಹಿಡಿಸುತ್ತೆ. ನೋಡ್ಕೋ," ಎಂದಳು ಗಂಡನಿಗೆ. ಆಮೇಲೆ ಯಜಮಾನರ ಕಡೆ ತಿರುಗಿದಳು. "ನಾನೇ ಹಾಕಿದ್ದು ಪಾಕ್. ನಾಯಿ ಊಟ. ಇದೇ ಸೌಟಲ್ಲಿ. ನಿಮ್ಮ ಸಿಗಡಿ ಯಾರೂ ಕದ್ದಿಲ್ಲ, ನಂಗೆ ಬಂದಿದ್ದು ಬರೀ ತಲೆ. ಕಳ್ಳ ಜಾತಿ ಅಂದ್ರಲ್ಲ, ಈ ಮೀನಿನ ವಂಶ ಎಲ್ಲೀದು? ನಮ್ಮ ಕೆರೇದು. ನಮ್ಮಜ್ಜಿ ಇದಕ್ಕೆ ಉಪ್ಪು ಹಚ್ಚಿ ಸೂರಿನ ಮೇಲೆ ಒಣಗಿಸ್ತಿದ್ಳು. ಮುಳ್ಳು ಜಾಸ್ತಿ ಅಂತ ನಾವು ಬೆಕ್ಕಿಗೆ ಹಾಕ್ತಿದ್ವಿ. ನಿಮ್ಮ ತಾಳೆ ತೋಟದ ಔಷಧಿ ನೀರು ಇಳಿದ್ಮೇಲೆ ನಮ್ಮ ಕೆರೇಲಿ ಒಂದು ಸಿಲುಕ್ ಇಲ್ಲ, ಕುಡಿಯೋಕೆ ಬೊಗಸೆ ನೀರಿಲ್ಲ. ಕೆರೆ ನುಂಗಿದವರು ನೀವು. ಗಾಜಿನ ಪೆಟ್ಟಿಗೇಲಿ ಅದರ ಒಂದು ತುಣುಕು ಇಟ್ಕೊಂಡು, ಅದನ್ನ ತೊಳೆಯೋಕೆ ನಮ್ಮನ್ನೇ ಇಟ್ಕೊಂಡಿದ್ದೀರಿ. ಕಳ್ಳರು ಯಾರು ಪಾಕ್?"

ದಲ್ಲಾಳಿ ಮೆಲ್ಲಗೆ ಬಾಗಿಲ ಕಡೆ ಸರಿದ. ಪಾಕ್ ಹೆರ್ಮಾನರ ಬಾಯಿಂದ ಬಂದದ್ದು ಒಂದೇ ಮಾತು: "ಹೊರಗೆ!"

ಸಬ್ರಾನ್ ಇನ್ನೂ ನೆಲದ ಮೇಲೇ ಇದ್ದ. ಅವನು ಮೀನನ್ನೂ ನೋಡುತ್ತಿರಲಿಲ್ಲ, ಹೆಂಡತಿಯನ್ನೂ ನೋಡುತ್ತಿರಲಿಲ್ಲ. ತನ್ನ ಎರಡು ತೋಳುಗಳನ್ನು ಮುಂದೆ ಚಾಚಿ ಅವನ್ನೇ ನೋಡುತ್ತಿದ್ದ.

"ಆ ನೀರಲ್ಲಿ ಮೊಣಕೈವರೆಗೆ ಅದ್ದಿದ್ದೀನಿ," ಎಂದ ಸಣ್ಣ ದನಿಯಲ್ಲಿ. "ಅದೇ ಕೈಯಲ್ಲಿ ನಮಾಜು ಮಾಡಿದ್ದೀನಿ, ಹಾಲಿಜಾ."

ಆ ಉಂಡೆಗಳಿಗೆ ತನ್ನ ಕೈ ತಾಗದಂತೆ ಅಷ್ಟು ಕಾಳಜಿ ಮಾಡಿದವಳಿಗೆ ಅವನ ಕೈಯ ನೆನಪೇ ಆಗಿರಲಿಲ್ಲ.

ಇಬ್ಬರೂ ಮೇಲ್ದಂಡೆಗೆ ಹೋಗುವ ದೋಣಿ ಹತ್ತಿದರು. ಡೀಸೆಲ್ ತುಂಬಿಸಿಕೊಳ್ಳಲು ದೋಣಿ ಒಂದು ಕಡೆ ನಿಂತಾಗ ಸಬ್ರಾನ್ ದಡಕ್ಕಿಳಿದು, ಹಂದಿಯ ಮೈಲಿಗೆಗೆ ಮಣ್ಣು ಹಚ್ಚಿ ಮತ್ತೆಮತ್ತೆ ತೊಳೆಯಬೇಕೆಂಬ ನೇಮದಂತೆ ಕೆಸರು ಬಾಚಿಕೊಂಡು ಬೆರಳಿಂದ ಮೊಣಕೈವರೆಗೆ ಬಳಿದುಕೊಂಡ. ಹಾಲಿಜಾ ಗಂಟಿನಿಂದ ತಂಬಿಗೆ ತೆಗೆದು ಪಕ್ಕದಲ್ಲಿ ನಿಂತು ನೀರು ಹೊಯ್ದಳು. ಅವನು ಬೇಡ ಅನ್ನಲಿಲ್ಲ. ಒಮ್ಮೆ ತೊಳೆದ, ಮತ್ತೆ ತೊಳೆದ. ಎಷ್ಟೋ ಕಾಲದ ಮೇಲೆ ಅವನ ತೋಳು ಅವಳ ಕಣ್ಣೆದುರು, ಅವಳ ಕೈಗೆಟಕುವಷ್ಟು ಹತ್ತಿರವಿತ್ತು. ಗೆದ್ದೆ, ಎಂದುಕೊಂಡಳು.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದ ಅವನು, ತೋಳಿನಿಂದ ಕಣ್ಣೆತ್ತದೆ.

"ಕೇಳು ಬಾಂಗ್."

"ನಿನ್ನ ಹತ್ರ ತಗೊಳ್ಳೋವಾಗ... ನೀರಿಂದ ಮೇಲೆ ಹಾರ್ತಿದ್ಳಾ?"

ತಂಬಿಗೆ ಅವಳ ಕೈಯಲ್ಲೇ ನಿಂತಿತು. ಸುಳ್ಳು ಹೇಳಬಹುದಿತ್ತು.

"ಹೂಂ," ಎಂದಳು. "ಪೂರ್ತಿ ಮೈ ಹೊರಗೆ ಬರ್ತಿತ್ತು."

ಸಬ್ರಾನ್ ತೋಳು ತಿಕ್ಕುವುದನ್ನು ನಿಲ್ಲಿಸಿದ. "ನಂಗೆ ಒಂದು ದಿನಾನೂ ಹಾರ್ಲಿಲ್ಲ," ಎಂದ. ಆಮೇಲೆ ಅವಳ ಕಡೆ ತಿರುಗಿ, ಮದುವೆಯಾದ ಮೇಲೆ ಮೊದಲ ಸಲ ಎಂಬಂತೆ, ಅವಳನ್ನು ನೆಟ್ಟ ನೋಟದಿಂದ ನೋಡಿದ. ಆ ನೋಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನ ಗಾಜಿನ ಈಚೆ ನಿಂತು ಅವಳೇ ಆ ಮೀನನ್ನು ನೋಡುತ್ತಿದ್ದ ನೋಟ ಅದು.

"ಹೊಯ್ಯಿ ನೀರು," ಎಂದ.

ಅವಳು ಹೊಯ್ದಳು.