ದುಪ್ಪಟಿಯ ಆಚೆ ತುದಿ

ಇನ್ನೂ ಬಿಸಿ ಇದೆ ಬಟ್ಟೆ, ಹಗ್ಗದಿಂದ ಈಗಷ್ಟೇ ಎಳೆದು ತಂದದ್ದು, ಒಂದು ಮೂಲೆ ಮಾತ್ರ ಹಸಿ, ಹೊಲಿಗೆಯ ಅಂಚು ಯಾವಾಗಲೂ ಕೊನೆಗೇ ಒಣಗುವುದು, ಇಷ್ಟು ದೊಡ್ಡ ದುಪ್ಪಟಿಯನ್ನು ಒಬ್ಬಳೇ ಹೇಗೆ ಮಡಚುವುದು ಎಂದು ಅಕ್ಕ ಕೋಣೆಯ ನಡುವೆ ನಿಂತಳು — ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ಗಂಡನ ಅಣ್ಣನ ಹೆಂಡತಿ, ಮಂಚದ ಮೇಲೆ ಗೋಡೆಗೊರಗಿ ಕೂತಿರುವ ವಾರಗಿತ್ತಿ ಮದುವೆಯಾಗಿ ಬಂದ ದಿನದಿಂದ ಹಾಗೇ ಕರೆದದ್ದು, ಈಗ ಕರೆಯುವುದಿಲ್ಲ, ಲಕ್ವ ಹೊಡೆದು ಮಾತು ಹೋಯಿತು, ಬಲಗೈ ಹೋಯಿತು, ಬುದ್ಧಿಯೂ ಹೋಯಿತು ಎನ್ನುತ್ತಾನೆ ಅವಳ ಮಗ, ಅಮ್ಮಂಗೆ ಯಾರ ಗುರುತೂ ಇಲ್ಲ ದೊಡ್ಡಮ್ಮ, ಎಲ್ಲಿದ್ರೂ ಒಂದೇ, ಆ ಆರೈಕೆ ಮನೆಯವರು ಚೆನ್ನಾಗಿ ನೋಡ್ಕೋತಾರೆ, ಸಂಜೆ ಗಾಡಿ ಬರುತ್ತೆ. ಕೆಟ್ಟವನಲ್ಲ, ಬಾಚಣಿಗೆ ತೋರಿಸಿ ಇದೇನಮ್ಮ, ಲೋಟ ತೋರಿಸಿ ಇದೇನಮ್ಮ ಎಂದು ಕೇಳಿ ಕೇಳಿ ಸೋತವನು, ಆದರೆ ಹಾಗೆ ಕೇಳಿದರೆ ನೆಟ್ಟಗಿದ್ದಾಗಲೂ ಅವಳು ಮೂತಿ ತಿರುಗಿಸುತ್ತಿದ್ದಳೇ ಹೊರತು ಉತ್ತರ ಹೇಳುತ್ತಿರಲಿಲ್ಲ.

ನೂರು ಜುಟ್ಟು ಸೇರಿದರೂ ಮೂರು ಜಡೆ ಸೇರುವುದಿಲ್ಲವಂತೆ, ಮೂರನೆಯ ಜಡೆ ಅತ್ತೆಯದು, ಅದು ಮನೆಯಲ್ಲೇ ಉಳಿಯುತ್ತಿತ್ತು, ಕೆಲಸಕ್ಕೆ ಹೋಗುತ್ತಿದ್ದ ಹೋಟೆಲಿನ ಹಿಂಬದಿಯ ಲಾಂಡ್ರಿಯಲ್ಲಿ ಇವರಿಬ್ಬರೇ, ಮಷೀನುಗಳ ಗದ್ದಲಕ್ಕೆ ಕಿರುಚಿದರೂ ಕೇಳಿಸದು, ನಡುವೆ ಬಿಳಿ ದುಪ್ಪಟಿ, ಈಚೆ ತುದಿ ಇವಳ ಕೈಯಲ್ಲಿ, ಆಚೆ ತುದಿ ಅವಳ ಕೈಯಲ್ಲಿ, ಎಳೆ, ಮಡಚು, ಎಳೆ, ಮಾತೆಲ್ಲ ಆ ಎಳೆತದಲ್ಲೇ — ಅತ್ತೆಯ ಮೇಲೆ ಅವಳಿಗೆ ಸಿಟ್ಟಿದ್ದ ದಿನ ಬೆರಳು ಉರಿಯುವಷ್ಟು ಎಳೆತ, ಗಂಡನ ಜೊತೆ ಮುನಿಸಿದ್ದರೆ ಬಟ್ಟೆ ಜೋತು ಬೀಳುತ್ತಿತ್ತು, ಒಂದು ಸಲ ಹಾಗೆ ಜೋತು ಬಿತ್ತೆಂದು, ಪಾಪ ಅಳುತ್ತಿದ್ದಾಳೆ ಎಂದುಕೊಂಡು ಹತ್ತಿರ ಹೋಗಿ ಬೆನ್ನು ಸವರಿದರೆ ಅವಳು ನಗು ತಡೆಯಲಾರದೆ ನಡುಗುತ್ತಿದ್ದಾಳೆ, ಸೂಪರ್‌ವೈಸರ್ ಅಂಗಿ ತಿರುವು ಮುರುವು ಹಾಕಿಕೊಂಡು ಗತ್ತಿನಲ್ಲಿ ಓಡಾಡುತ್ತಿದ್ದಾನೆ, ಆಮೇಲೆ ಇಬ್ಬರೂ ಹಬೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕದ್ದೇ ನಕ್ಕದ್ದು, ಎಂಥ ಚೆಂದದ ದಿನಗಳು ಅವು, ಕಾಲು ಊದಿಕೊಂಡರೂ ಚೆಂದ. ಆಗಲೂ ತಪ್ಪು ತಿಳಿದದ್ದುಂಟು, ದೂರ ನಿಂತು ಊಹಿಸಿದ್ದು ಹತ್ತಿರ ಹೋದರೆ ಸರಿಹೋಗುತ್ತಿತ್ತು.

ಹತ್ತಿರ ಹೋದಳು ಅಕ್ಕ. ಒಂದು ಮೂಲೆಯನ್ನು ವಾರಗಿತ್ತಿಯ ಮಂಡಿಯ ಕೆಳಗೆ ಸಿಕ್ಕಿಸಿ, ಇನ್ನೊಂದನ್ನು ಅವಳ ಎಡಗೈಯಲ್ಲಿಟ್ಟು ಬೆರಳು ಮುಚ್ಚಿದಳು, ಜಾರಿತು, ಮತ್ತೆ ಇಟ್ಟಳು, ಹಿಂದೆ ಹಿಂದೆ ಸರಿದು ತನ್ನ ತುದಿ ಹಿಡಿದಳು, ನಾಚಿಕೆಯಾಗುತ್ತಿದೆ, ಈ ವಯಸ್ಸಲ್ಲಿ ಇದೆಂಥ ಹುಚ್ಚು, ಸಣ್ಣಗೆ ಎಳೆದಳು, ಏನಿಲ್ಲ, ನಡುವೆ ಬಟ್ಟೆ ನೆಲ ಮುಟ್ಟುವಷ್ಟು ಜೋತಿದೆ — ದುಃಖವೇ, ನಗುವೇ, ಅಥವಾ ಹುಡುಗ ಹೇಳಿದಂತೆ ಆಚೆ ತುದಿಯಲ್ಲಿ ಯಾರೂ ಇಲ್ಲವೇ, ಇರದಿದ್ದರೆ ಇನ್ನು ತನ್ನನ್ನು ಬಲ್ಲವರು ಯಾರು, ಆ ಲಾಂಡ್ರಿಯನ್ನು ಕಂಡವರು ಯಾರು ಉಳಿದರು, ದೇವರೇ, ಸಿಟ್ಟಾದರೂ ಮಾಡಿಕೊಳ್ಳೇ, ಬೈಯೇ.

ಹೊರಗೆ ಹಾರ್ನ್. ಬಾಗಿಲಲ್ಲಿ ಮಗ, ಗಾಡಿ ಬಂತು ದೊಡ್ಡಮ್ಮ, ಅಮ್ಮನ್ನ ಎಬ್ಬಿಸೋಣ್ವಾ, ಅವನ ಮಾತು ಮುಗಿಯುವಷ್ಟರಲ್ಲಿ ಬಟ್ಟೆ ನೆಲ ಬಿಟ್ಟು ಮೇಲೆದ್ದಿತು, ಮೆಲ್ಲಗೆ, ಆಮೇಲೆ ಒಮ್ಮೆಲೇ ಬಿಗಿಯಾಗಿ, ಅಕ್ಕ ಒಂದು ಹೆಜ್ಜೆ ಮುಂದೆ ಮುಗ್ಗರಿಸುವಷ್ಟು, ವಾರಗಿತ್ತಿಯ ಮುಖ ಇನ್ನೂ ಕಿಟಕಿಯ ಕಡೆಗೇ ಇದೆ, ಮುಖ ನೋಡಿದರೆ ಏನೂ ತಿಳಿಯದು. ಅವಳು ಬರಲ್ಲಂತೆ ಕಣೋ ಎಂದಳು ಅಕ್ಕ. ಯಾರು ಹೇಳಿದ್ರು ದೊಡ್ಡಮ್ಮ, ಅಮ್ಮಂಗೆ ಮಾತೇ ಇಲ್ವಲ್ಲ. ಬಾ ಇಲ್ಲಿ, ಈ ತುದಿ ನೀನು ಹಿಡ್ಕೋ. ಹುಡುಗ ಹಿಡಿದ, ತನ್ನ ಕಡೆಗೊಮ್ಮೆ ಎಳೆದು ನೋಡಿದ, ಹೊರಗೆ ಮತ್ತೆ ಹಾರ್ನ್, ನಡುವೆ ಬಿಳಿ ದುಪ್ಪಟಿ, ಒಂದು ಸುಕ್ಕೂ ಇಲ್ಲದೆ, ಆಚೆ ತುದಿಯಲ್ಲಿ ಆ ಎಡಗೈಯ ಮುಷ್ಟಿ, ಗೆಣ್ಣುಗಳು ಬೆಳ್ಳಗಾಗಿವೆ, ಬಿಡುತ್ತಿಲ್ಲ, ಬಿಡುತ್ತಿಲ್ಲ